ದಡಕ್ಕೆ ಬಾರದ ಹಡಗಿನ ಹೊಗೆ

ನಮ್ಮ ಊರಿನಲ್ಲಿ ಹಡಗಿನ ಹೊಗೆ ತಾನಾಗಿ ಹೋಗುವುದಿಲ್ಲ. ಅದರ ತೂಕ ಎಷ್ಟೆಂದು ಯಾರಾದರೂ ಹಡಗು ಕಟ್ಟುವ ಧಕ್ಕೆಯ ಮೇಲೆ ನಿಂತು, ಅದರ ಹೆಸರು ಹಿಡಿದು, ಗಟ್ಟಿಯಾಗಿ ಹೇಳಬೇಕು. ಹೇಳಿದ್ದು ನಿಜಕ್ಕೆ ಹತ್ತಿರವಿದ್ದರೆ ಹೊಗೆ ಮೆಲ್ಲಗೆ ಎದ್ದು ಚದುರಿಹೋಗುತ್ತದೆ. ತಪ್ಪಿದರೆ ಇದ್ದ ಜಾಗದಿಂದ ಇನ್ನಷ್ಟು ಕೆಳಕ್ಕೆ ಇಳಿಯುತ್ತದೆ. ಬೆಳಿಗ್ಗೆ ಬಟ್ಟೆ ಒಣಹಾಕುವ ಮೊದಲು ಹೆಂಗಸರು ಬೇಲಿಯಾಚೆಗೆ "ಹೇಳಿ ಆಯ್ತಾ?" ಎಂದು ಕೇಳುತ್ತಾರೆ. ಮದುವೆಯ ಮುಹೂರ್ತ ಇಡುವಾಗ ಅಂದು ಯಾವ ಹಡಗು ಧಕ್ಕೆಯಲ್ಲಿರುತ್ತದೆ ಎಂದು ವಿಚಾರಿಸಿಕೊಳ್ಳುತ್ತಾರೆ. ಅಷ್ಟು ಬಿಟ್ಟರೆ ನಮ್ಮದೂ ಎಲ್ಲ ಊರಿನಂಥದೇ ಊರು.

ತೂಕ ಹೇಳುವುದು ನನ್ನ ಕೆಲಸ. ಹೊಗೆ ಅಂದಾಜಿನ ಕಚೇರಿಯಲ್ಲಿ ಇರುವವರು ಇಬ್ಬರೇ, ನಾನು ಮತ್ತು ಮುಖ್ಯಸ್ಥರಾದ ಪಡಿಯಾರರು. ಹಡಗಿನ ಯಂತ್ರ ಎಷ್ಟು ದೊಡ್ಡದು, ಅದರಲ್ಲಿ ಎಷ್ಟು ಪಾಲು ದುಡಿಯುತ್ತಿದೆ, ಎಷ್ಟು ಹೊತ್ತು ದುಡಿಯಿತು, ಅದರ ಹೊಟ್ಟೆಗೆ ಎಂಥ ಎಣ್ಣೆ ಹಾಕಿದ್ದಾರೆ, ಇಷ್ಟು ಗೊತ್ತಾದರೆ ಉಳಿದದ್ದು ಗುಣಾಕಾರ. ಜನ ತಿಳಿದುಕೊಂಡಿರುವುದು ಹಡಗು ಓಡುವಾಗ ಮಾತ್ರ ಹೊಗೆ ಉಗುಳುತ್ತದೆ ಎಂದು. ಹಾಗಲ್ಲ. ಕಟ್ಟಿಹಾಕಿದ ಹಡಗಿಗೂ ದೀಪ ಬೇಕು, ಫ್ಯಾನ್ ಬೇಕು, ಅಡುಗೆಮನೆ ಬೇಕು. ದೊಡ್ಡ ಯಂತ್ರ ಮಲಗಿದ ಮೇಲೂ ಒಳಗಿನ ಜನರೇಟರುಗಳು ಎಚ್ಚರವಾಗಿಯೇ ಇರುತ್ತವೆ. ನಾನು ಹಡಗು ಹತ್ತುತ್ತೇನೆ, ಯಂತ್ರದ ಕೋಣೆಗೆ ಇಳಿಯುತ್ತೇನೆ, ಎಣ್ಣೆ ಮೂಸಿ ನೋಡುತ್ತೇನೆ, ಬಂದು ಲೆಕ್ಕ ಹಾಕಿ ಹೇಳುತ್ತೇನೆ. ಹೊಗೆ ಹೋಗುತ್ತದೆ.

ಆ ವರ್ಷ ಮಳೆಗಾಲ ಮುಗಿದ ಮೇಲೆ ಬಂದ ಹೊಗೆ ಮಾತ್ರ ಬೇರೆ. ಧಕ್ಕೆಯಲ್ಲಿ ಒಂದು ಹಡಗೂ ಇರಲಿಲ್ಲ. ಪಡುವಣದಿಂದ, ಕಡಲಿನ ಮೇಲಿಂದ, ಹಗ್ಗದ ಹಾಗೆ ಹೊಸೆದುಕೊಂಡು ಹಳದಿ ಬಣ್ಣದ ಹೊಗೆ ಬಂದು ತೆಂಗಿನ ಮರಗಳ ತುದಿಯಲ್ಲಿ ಹಾಸಿಕೊಂಡಿತು. ಪಡಿಯಾರರು ದೀಪಸ್ತಂಭ ಹತ್ತಿ ದುರ್ಬೀನಿನಲ್ಲಿ ನೋಡಿದರು. ಬಾನಂಚಿನಲ್ಲಿ 'ರತ್ನದೀಪ' ಎಂಬ ಭಾರೀ ಸರಕು ಹಡಗು ಲಂಗರು ಹಾಕಿ ನಿಂತಿತ್ತು. ಬಂದರಿಗೆ ಬರುವ ಸರದಿಯೋ ಏನೋ, ಕಾಯುತ್ತಿತ್ತು. ಆ ಗಾತ್ರದ ಹಡಗಿನ ಯಂತ್ರಗಳು ನಮಗೆ ಗೊತ್ತು. ಪಡಿಯಾರರು ಲೆಕ್ಕ ಹಾಕಿ ತೂಕ ಹೇಳಿದರು. ಹೊಗೆ ಹೆಂಚಿನ ಮಟ್ಟಕ್ಕೆ ಇಳಿಯಿತು.

ಇಬ್ಬರೂ ಕೂತು ಮತ್ತೆ ಲೆಕ್ಕ ಮಾಡಿದೆವು. ಕೀಳು ಎಣ್ಣೆ ಸುಡುತ್ತಿದ್ದಾರೆ ಎಂದಿಟ್ಟುಕೊಂಡು ತೂಕ ಏರಿಸಿದೆವು. ಈ ಸಲ ನಾನು ಹೇಳಿದೆ. ಹೊಗೆ ನನ್ನ ಕಣ್ಣೆದುರೇ ಬಾಗಿಲುಗಳ ಮೇಲ್ಕಟ್ಟು ದಾಟಿ ಎದೆಯ ಮಟ್ಟಕ್ಕೆ ಬಂದು ನಿಂತಿತು. ಗುಡ್ಡದ ಮೇಲೂ ಅಷ್ಟೇ, ಕೆಳಪೇಟೆಯಲ್ಲೂ ಅಷ್ಟೇ, ನೆಲದಿಂದ ಅಳೆದು ಕತ್ತರಿಸಿದ ಹಾಗೆ.

ಜನ ಬಗ್ಗಿ ನಡೆಯಲು ಕಲಿತರು. ಮೀನಿನ ಮಾರ್ಕೆಟ್ಟಿನಲ್ಲಿ ಮೊದಲೇ ಕೂತು ಮಾರುತ್ತಿದ್ದ ಹೆಂಗಸರ ಮುಂದೆ ಕೊಳ್ಳುವವರೂ ಕುಕ್ಕರುಗಾಲಲ್ಲಿ ಕೂತರು. ಶಾಲೆಯ ಬೆಂಚುಗಳನ್ನು ಹೊರಗೆ ಹಾಕಿ ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿದರು. ಮೇಷ್ಟ್ರುಗಳು ಮಂಡಿಯೂರಿ ಪಾಠ ಮಾಡಿದರು. ಕ್ಷೌರದ ಅಂಗಡಿಯ ಕುರ್ಚಿ ಖಾಲಿಯಾಗಿ, ಗಿರಾಕಿಗಳು ನೆಲದ ಮೇಲೆ ಸಾಲಾಗಿ ಕೂತರು. ಮೊದಮೊದಲು ನಗೆಯೂ ಇತ್ತು. ಆಮೇಲೆ ಕೆಮ್ಮು ಮಾತ್ರ ಉಳಿಯಿತು.

ನನ್ನ ಗಂಡ ವಾಮನ ಹೆಸರಿಗೆ ಮಾತ್ರ ವಾಮನ. ಊರಿನಲ್ಲಿ ಅವನಷ್ಟು ಉದ್ದದವರಿಲ್ಲ. ಹಿಂದೊಮ್ಮೆ ಜ್ವರ ಬಂದು ಅವನ ಶ್ವಾಸಕೋಶ ಸೋತಿತ್ತು. ಬಗ್ಗಿ ನಡೆದರೆ ಉಸಿರು ಹಿಡಿಯುತ್ತಿತ್ತು, ನೇರ ನಿಂತರೆ ತಲೆ ಹೊಗೆಯೊಳಗೆ. ಹಾಗಾಗಿ ಅವನು ಇಡೀ ದಿನ ನಡುಮನೆಯ ನೆಲದ ಮೇಲೆ ಮಲಗಿಯೇ ಇರಬೇಕಾಯಿತು. ಅವನ ತುಟಿ ನೀಲಿಯಾಗುವುದನ್ನು ನಾನು ನೋಡುತ್ತಿದ್ದೆ.

"ಇನ್ನೊಂದ್ಸಲ ತಪ್ಪಿದ್ರೆ ಎಲ್ಲಿಗೆ ಬರ್ತದೆ ಇದು?" ಎಂದು ಅವನು ಕೇಳಿದ.

"ನೆಲಕ್ಕೆ."

"ಹಾಗಾದ್ರೆ ತಪ್ಪಬೇಡ." ಅಷ್ಟು ಹೇಳಿ ಗೋಡೆಯ ಕಡೆ ಹೊರಳಿದ.

ಪಡಿಯಾರರು ಇನ್ನು ಯಾರೂ ತೂಕ ಹೇಳಕೂಡದು ಎಂದು ಕಚೇರಿಯ ಬಾಗಿಲಿಗೆ ಚೀಟಿ ಅಂಟಿಸಿದ್ದರು. ನಾನು ಹೋದಾಗ ಅವರು ಮೇಜಿನ ಕೆಳಗೆ ಗೋಡೆಗೊರಗಿ ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಳದಿಯಾಗಿತ್ತು.

"ಹಡಗಿಗೆ ಹೋಗಿ ನೋಡಿ ಬರ್ತೇನೆ ಸರ್," ಎಂದೆ.

"ನಮ್ಮ ಗೂಟಕ್ಕೆ ಕಟ್ಟಿದ ಹಡಗು ಮಾತ್ರ ನಮ್ಮದು ವಾರಿಜಾ. ಕಡಲಲ್ಲಿ ನಿಂತದ್ದನ್ನು ಲೆಕ್ಕ ಹಿಡಿಲಿಕ್ಕೆ ನಮಗೆ ಅಧಿಕಾರ ಇಲ್ಲ."

"ಹೊಗೆ ಅಧಿಕಾರ ಕೇಳಿ ಬಂದಿದೆಯಾ? ಇಲ್ಲಿ ಕೂತು ಅಂದಾಜು ಮಾಡಿದ್ದಕ್ಕೇ ಅಲ್ವಾ ಹೀಗಾದದ್ದು?"

ಅವರು ತುಂಬ ಹೊತ್ತು ಕೆಮ್ಮಿದರು. "ಹೋಗು ಅಂತ ನಾನು ಹೇಳುವ ಹಾಗಿಲ್ಲ," ಎಂದರು. ಹೋಗಬೇಡ ಎಂದೂ ಹೇಳಲಿಲ್ಲ.

ದೋಣಿಗೆ ಹಸನಬ್ಬನನ್ನು ಕೇಳಿದೆ. ಅವನಿಗೆ ಎರಡು ಮೀನುಗಾರಿಕೆ ದೋಣಿಗಳೂ ಧಕ್ಕೆಯ ಪಕ್ಕದಲ್ಲಿ ಒಂದು ಐಸ್ ಕಾರ್ಖಾನೆಯೂ ಇದ್ದವು. ಕಾರ್ಖಾನೆಯ ಒಳಗೆ, ಮಂಜಿನ ಗಡ್ಡೆಗಳ ನಡುವೆ ಕಂಬಳಿ ಹೊದ್ದು ಕೂತಿದ್ದ.

"ನೀವು ಇನ್ನೊಂದು ಸಲ ತಪ್ಪು ಹೇಳಿದ್ರೆ ನನ್ನ ಮೊಮ್ಮಕ್ಕಳು ಎಲ್ಲಿ ಉಸಿರಾಡ್ಬೇಕು?" ಎಂದ.

"ಹೇಳದೇ ಇದ್ರೆ ಎಷ್ಟು ದಿನ ಹೀಗೆ ಉಸಿರಾಡ್ತಾರೆ ಹಸನಬ್ಬ? ದಿನಾ ದಪ್ಪ ಆಗ್ತಾ ಉಂಟು, ಕಾಣುದಿಲ್ವಾ?"

ಅವನು ಗಡ್ಡ ತುರಿಸಿಕೊಂಡ. "ಮಾರಾಯ್ತಿ, ನೀವು ಬಿಡುವ ಜನ ಅಲ್ಲ," ಎಂದು ಎದ್ದ.

ಬೆಳಕು ಹರಿದ ಮೇಲೆ ಹೊರಟೆವು. ದಾರಿ ಹುಡುಕುವ ಕೆಲಸವಿರಲಿಲ್ಲ. ತಲೆಯ ಮೇಲಿನ ಹೊಗೆಯ ಹಗ್ಗ ಹಿಡಿದು ಹೋದರಾಯಿತು. ದಡದಿಂದ ದೂರವಾದಂತೆ ಅದು ಮೇಲಕ್ಕೇರಿತು. ಹಸನಬ್ಬ ಚುಕ್ಕಾಣಿಯ ಬಳಿ ನೆಟ್ಟಗೆ ನಿಂತು ಮೈ ಮುರಿದ. ನಾನೂ ನಿಂತೆ. ಎಷ್ಟೋ ದಿನಗಳ ಮೇಲೆ ಪೂರ್ತಿ ನಿಂತದ್ದಕ್ಕೋ ಏನೋ, ಇಬ್ಬರಿಗೂ ಕಣ್ಣಲ್ಲಿ ನೀರು ಬಂತು.

ರತ್ನದೀಪದವರು ನಮ್ಮನ್ನು ಹತ್ತಿಸಿಕೊಳ್ಳಲಿಲ್ಲ. ಮೇಲಿನಿಂದ ಒಬ್ಬ ಕೈಬೀಸಿ ದೂರ ಹೋಗಿ ಎಂದ. ನಾನು ಹಸನಬ್ಬನಿಗೆ ಹಡಗಿನ ಸುತ್ತ ನಿಧಾನವಾಗಿ ಒಂದು ಸುತ್ತು ಬರಲು ಹೇಳಿದೆ. ಜನರೇಟರು ಓಡಬೇಕಾದರೆ ಅದನ್ನು ತಣ್ಣಗಿಡಲು ಕಡಲ ನೀರು ಬೇಕು. ಒಳಗೆ ಹೋದ ನೀರು ಹಡಗಿನ ಪಕ್ಕೆಯ ತೂತಿನಿಂದ ಹೊರಗೆ ಬೀಳುತ್ತದೆ. ಎಷ್ಟು ಕಡೆ ನೀರು ಬೀಳುತ್ತಿದೆ, ಎಷ್ಟು ರಭಸದಲ್ಲಿ, ಎಷ್ಟು ಬಿಸಿ ಎಂದು ನೋಡಿಕೊಂಡೆ. ಕೈಯೊಡ್ಡಿ ಮುಟ್ಟಿದೆ. ನಾವು ಎಣಿಸಿದ್ದಕ್ಕಿಂತ ಕಡಿಮೆ ಜನರೇಟರುಗಳು ಓಡುತ್ತಿದ್ದವು, ನಮ್ಮ ಮೊದಲ ಲೆಕ್ಕವೇ ಹೆಚ್ಚಾಗಿತ್ತು. ಹಾಗಾದರೆ ಊರಿನ ಮೇಲೆ ಅಷ್ಟು ಹೊಗೆ ಎಲ್ಲಿಂದ ಬಂತು? ತಲೆಯೆತ್ತಿ ನೋಡಿದೆ. ದೊಡ್ಡ ಹಡಗಿನ ಚಿಮಣಿಯಿಂದ ಬರುತ್ತಿದ್ದ ಹೊಗೆ ಬೂದು ಬಣ್ಣದ್ದು. ಹಳದಿ ಎಳೆ ಅದರ ಹಿಂದಿನಿಂದ ಬಂದು ಇದರೊಡನೆ ಹೊಸೆದುಕೊಳ್ಳುತ್ತಿತ್ತು.

ದೊಡ್ಡದರ ಮರೆಯಲ್ಲಿ, ದೀಪಸ್ತಂಭದಿಂದ ಯಾವತ್ತೂ ಕಾಣಿಸದ ಹಾಗೆ, ಒಂದು ಸಣ್ಣ ಹಡಗು ನಿಂತಿತ್ತು. ಮೈಯೆಲ್ಲ ತುಕ್ಕು. ಮುಂಭಾಗದಲ್ಲಿ 'ಸಲೀಮಾ' ಎಂಬ ಹೆಸರು ಅರ್ಧ ಅಳಿಸಿತ್ತು. ಕೂಗಿದಾಗ ಕೆಲವು ಮುಖಗಳು ಕಾಣಿಸಿಕೊಂಡವು. ಹಗ್ಗದ ಏಣಿ ಕೆಳಗೆ ಬಂತು.

ಅದರ ಎಂಜಿನಿಯರು ಆರೋಗ್ಯರಾಜ್ ಎಂಬವರು. ನರೆತ ಕೂದಲು, ಕುಗ್ಗಿದ ಕೆನ್ನೆ. ಹಿಂದೆ ನಮ್ಮ ಕರಾವಳಿಯ ಬಂದರುಗಳಲ್ಲಿ ದುಡಿದಿದ್ದರಂತೆ, ಕನ್ನಡ ಬರುತ್ತಿತ್ತು. ಮಾಲೀಕ ಹಡಗನ್ನು ಕೈಬಿಟ್ಟಿದ್ದಾನೆ, ಫೋನು ಎತ್ತುವುದಿಲ್ಲ, ಬಂದರಿನವರು ಒಳಗೆ ಬಿಡುವುದಿಲ್ಲ ಎಂದರು. ಒಳ್ಳೆಯ ಎಣ್ಣೆ ಮುಗಿದು ಬಹಳ ಕಾಲವಾಗಿತ್ತು. ತೊಟ್ಟಿಗಳ ತಳದಲ್ಲಿ ನಿಂತ ಕೊಳಕು ಜಿಡ್ಡನ್ನು ಸೋಸಿ ಸುಡುತ್ತಿದ್ದರು. ಆ ಹಳದಿ ಬಣ್ಣಕ್ಕೆ ಅದೇ ಕಾರಣ.

"ಜನರೇಟರು ದಿನಕ್ಕೆ ಎಷ್ಟು ಹೊತ್ತು ಓಡ್ತದೆ?" ಎಂದು ಕೇಳಿದೆ.

"ಅಡುಗೆ ಹೊತ್ತಿಗೆ ಮಾತ್ರ ಅಮ್ಮಾ. ಸಂಜೆ ಸ್ವಲ್ಪ. ಎಣ್ಣೆ ಎಲ್ಲುಂಟು ನಮ್ಮ ಹತ್ರ?"

ಅಷ್ಟರಲ್ಲಿ ಅಡುಗೆಯವನು ಎರಡು ಲೋಟ ಶರಬತ್ತು ತಂದ. ಸಕ್ಕರೆ ಕಡಿಮೆ, ಲಿಂಬೆ ಎಲ್ಲಿಂದ ಬಂತೋ ಗೊತ್ತಿಲ್ಲ. ಇರುವುದರಲ್ಲಿ ಒಳ್ಳೆಯದನ್ನು ಅತಿಥಿಗಳಿಗೆ ಕೊಟ್ಟಿದ್ದ. ಲೋಟದಲ್ಲಿ ಮಂಜುಗಡ್ಡೆಯ ಚೂರುಗಳು ತೇಲುತ್ತಿದ್ದವು. ಹಸನಬ್ಬ ಐಸ್ ಮಾರುವವನು, ಲೋಟ ನೋಡಿ ನನ್ನ ಮುಖ ನೋಡಿದ.

"ಅಡುಗೆ ಹೊತ್ತಿಗೆ ಮಾತ್ರ ಜನರೇಟರು ಹಾಕಿದ್ರೆ ಈ ಐಸ್ ಎಲ್ಲಿಂದ ಬಂತು?" ಎಂದೆ.

ಅಡುಗೆಯವನು ತಲೆ ತಗ್ಗಿಸಿದ.

"ನೋಡಿ, ನನ್ನ ಊರಲ್ಲಿ ಜನ ತೆವಳ್ತಾ ಇದ್ದಾರೆ. ನನ್ನ ಗಂಡ ನೆಲದಿಂದ ಏಳುವ ಹಾಗಿಲ್ಲ. ನಿಮ್ಮ ಮೇಲೆ ದೂರು ಕೊಡ್ಲಿಕ್ಕೆ ಬಂದವಳಲ್ಲ ನಾನು. ನನಗೆ ನಿಜವಾದ ತೂಕ ಬೇಕು, ಅಷ್ಟೇ."

ಆರೋಗ್ಯರಾಜ್ "ಬನ್ನಿ," ಎಂದು ಒಳಗೆ ಕರೆದುಕೊಂಡು ಹೋದರು. ಅಡುಗೆಮನೆಯ ಹಿಂದೆ ತರಕಾರಿ, ಮಾಂಸ ಇಡುವ ತಣ್ಣನೆಯ ಕೋಣೆ. ಅದರ ಒಂದು ಮೂಲೆಯಲ್ಲಿ ಹಲಗೆ ಹಾಸಿ, ಬಿಳಿ ಬಟ್ಟೆ ಹೊದಿಸಿ, ಒಬ್ಬ ಮನುಷ್ಯನನ್ನು ಮಲಗಿಸಿದ್ದರು.

"ಮುತ್ತು ಅಂತ. ಯಂತ್ರದ ಕೋಣೆಯಲ್ಲಿ ನನ್ನ ಕೈಕೆಳಗೆ ಇದ್ದ. ಎದೆನೋವು ಅಂದ, ಕೂತ, ಹೋದ. ಕಡಲಿಗೆ ಬಿಟ್ಟುಬಿಡಿ ಅಂತ ಪಕ್ಕದ ಹಡಗಿನವರು ಹೇಳಿದ್ರು. ಆಗ್ಲಿಲ್ಲ ಅಮ್ಮಾ. ಅವನ ತಾಯಿ ಇದ್ದಾಳೆ. ಅವಳು ಮುಖ ನೋಡ್ಬೇಕಲ್ಲ? ಅದಕ್ಕೇ ಇದನ್ನು ತಣ್ಣಗಿಟ್ಟಿದ್ದೇವೆ. ಜನರೇಟರು ಹಗಲೂ ರಾತ್ರಿ ಓಡ್ತದೆ. ಒಂದು ಗಳಿಗೆ ನಿಲ್ಸಿಲ್ಲ."

ತಣ್ಣನೆಯ ಆ ಕೋಣೆಯಲ್ಲಿ ಬಾಯಿಂದ ಬಂದ ಉಸಿರು ಬೆಳ್ಳಗೆ ಕಾಣುತ್ತಿತ್ತು. ಹಸನಬ್ಬ ತಲೆಯ ಟೊಪ್ಪಿ ಸರಿಮಾಡಿಕೊಂಡು ಅಂಗೈಗಳನ್ನೆತ್ತಿ ಬಾಯೊಳಗೇ ಏನೋ ಪ್ರಾರ್ಥಿಸಿದ. ಬಾಗಿಲು ಮುಚ್ಚಿದ ಮೇಲೆ ಆರೋಗ್ಯರಾಜ್ ನನ್ನ ಕೈ ಹಿಡಿದುಕೊಂಡರು.

"ಹೆಸರು ಮಾತ್ರ ಹೇಳ್ಬೇಡಿ ಅಮ್ಮಾ. ಸಲೀಮಾ ಇಲ್ಲುಂಟು ಅಂತ ಗೊತ್ತಾದ್ರೆ ನಮ್ಮನ್ನು ಇನ್ನೂ ಆಚೆಗೆ ಎಳೆದು ಬಿಡ್ತಾರೆ. ಹಿಂದಿನ ಬಂದರಲ್ಲಿ ಹಾಗೇ ಮಾಡಿದ್ರು."

"ಹೆಸರು ಹೇಳದೆ ಹೊಗೆ ಹೋಗುದಿಲ್ಲ."

"ಹಾಗಾದ್ರೆ ನಾವು?"

"ಹೆಸರೂ ಹೇಳ್ತೇನೆ. ನಿಮ್ಮನ್ನು ಕರ್ಕೊಂಡು ಹೋಗ್ಲಿಕ್ಕೂ ಬರ್ತೇನೆ. ಎರಡೂ ಮಾಡ್ತೇನೆ." ಹೇಗೆ ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ. ಆದರೆ ಹೇಳಿಯಾಗಿತ್ತು.

ಯಂತ್ರದ ಕೋಣೆಗಿಳಿದು ಜನರೇಟರನ್ನು ಕೂಲಂಕಷವಾಗಿ ನೋಡಿದೆ. ಎಷ್ಟು ಜಿಡ್ಡು ಕುಡಿಯುತ್ತದೆ ಎಂದು ಕೇಳಿ, ಸಣ್ಣ ತೊಟ್ಟಿಯ ಮಟ್ಟ ಇಳಿಯುವುದನ್ನು ನಾನೇ ನಿಂತು ಗಮನಿಸಿದೆ. ಆರೋಗ್ಯರಾಜ್ ಈಗ ಯಾವುದನ್ನೂ ಮುಚ್ಚಿಡಲಿಲ್ಲ. ಇಲ್ಲಿ ಲಂಗರು ಹಾಕಿದ ದಿನದಿಂದ ಏನೇನು ಸುಟ್ಟರೋ ಎಲ್ಲ ಹೇಳಿದರು. ಉಳಿದದ್ದು ಒಂದೇ ಪ್ರಶ್ನೆ. ಇಂಥ ಜಿಡ್ಡನ್ನು ಸುಟ್ಟರೆ ಎಷ್ಟು ಹೊಗೆ? ನಮ್ಮ ಕಚೇರಿಯ ಯಾವ ಲೆಕ್ಕದಲ್ಲೂ ಅದಕ್ಕೆ ಅಂಕಿ ಇರಲಿಲ್ಲ. ಯಾರೂ ಅದನ್ನು ಸುಡುತ್ತೇವೆಂದು ಒಪ್ಪಿಕೊಂಡವರೇ ಇಲ್ಲ. ಒಂದು ಡಬ್ಬಿಯಲ್ಲಿ ಜಿಡ್ಡು ತುಂಬಿಸಿಕೊಂಡು ದೋಣಿಗೆ ಇಳಿದೆ.

ಊರಿಗೆ ಮರಳಿದವಳು ನೇರ ಕಚೇರಿಗೆ ಹೋಗಿ ಪಡಿಯಾರರಿಗೆ ಎಲ್ಲ ಹೇಳಿದೆ. ತಣ್ಣನೆಯ ಕೋಣೆಯ ಮಾತು ಬಂದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ತೆವಳಿಕೊಂಡೇ ಹೋಗಿ ಅಕ್ಕಸಾಲಿಗರ ಅಂಗಡಿಯಿಂದ ಸೂಕ್ಷ್ಮದ ತಕ್ಕಡಿ ತಂದರು. ಕಚೇರಿಯ ಹಿತ್ತಿಲಲ್ಲಿ, ಕವುಚಿಟ್ಟ ಹಂಡೆಯ ಕೆಳಗೆ, ಜಿಡ್ಡನ್ನು ಚಮಚದಿಂದ ಅಳೆದು ಬತ್ತಿ ಹಾಕಿ ಸುಟ್ಟೆವು. ಹಂಡೆಗೆ ಹತ್ತಿದ ಮಸಿಯನ್ನು ಕೋಳಿಗರಿಯಿಂದ ಕೆರೆದು ತೂಗಿದೆವು. ನಂಬಿಕೆಯಾಗದೆ ಮತ್ತೆ ಸುಟ್ಟೆವು, ಮತ್ತೆ ತೂಗಿದೆವು. ಹಂಡೆಯ ಅಂಚಿನಿಂದ ತಪ್ಪಿಸಿಕೊಳ್ಳುವುದೆಷ್ಟು ಎಂಬ ಬಗ್ಗೆ ನಮ್ಮಿಬ್ಬರಿಗೂ ವಾದವಾಯಿತು. ಅವರು ಕಾಲು ಪಾಲು ಎಂದರು, ನಾನು ಮೂರರಲ್ಲೊಂದು ಎಂದೆ. ಕೊನೆಗೆ ಒದ್ದೆ ಬಟ್ಟೆ ಸುತ್ತಿ ಇನ್ನೊಮ್ಮೆ ಸುಟ್ಟಾಗ ನಡುವಿನದೊಂದು ಸಿಕ್ಕಿತು. ಇಬ್ಬರ ಮುಖವೂ ಇದ್ದಿಲಿನಂತಾಗಿತ್ತು. ಪಡಿಯಾರರು ನನ್ನನ್ನು ನೋಡಿ ನಕ್ಕರು. ಆ ಹೊಗೆ ಬಂದ ಮೇಲೆ ಅವರು ನಕ್ಕದ್ದು ಅದೇ ಮೊದಲು.

"ಬಾಗಿಲಿನ ಚೀಟಿ ಹರಿದುಹಾಕ್ತೇನೆ. ನೀನು ಹೇಳು," ಎಂದರು.

ನಾನು ತೂಕ ಹೇಳುತ್ತೇನೆಂಬ ಸುದ್ದಿ ಹಬ್ಬಿ ಧಕ್ಕೆಯಲ್ಲಿ ಜನ ಸೇರಿದ್ದರು. ಎಲ್ಲರೂ ಕೂತವರು, ಮಂಡಿಯೂರಿದವರು, ಅಂಗಾತ ಮಲಗಿದವರು. ಹೇಳಬೇಡಿ ಎನ್ನಲು ಬಂದವರೇ ಹೆಚ್ಚು. ವಾಮನನನ್ನು ನೆರೆಯವರು ಚಾಪೆಯ ಮೇಲೆ ಎಳೆದು ತಂದಿದ್ದರು. ನಾನು ನಿಂತೇ ಹೇಳಬೇಕು, ಅದು ಕ್ರಮ. ಒದ್ದೆ ಸೆರಗನ್ನು ಮೂಗಿಗೆ ಒತ್ತಿ ಹಿಡಿದು ಹೊಗೆಯೊಳಗೆ ಎದ್ದು ನಿಂತೆ. ಏನೂ ಕಾಣಲಿಲ್ಲ. ಕಣ್ಣು ಉರಿಯಿತು. ಸೆರಗು ತೆಗೆದೆ.

"ರತ್ನದೀಪ. ನೂರ ಎಂಬತ್ತು ಮಣ."

ಕೆಳಗೆ ಜನ ಉಸಿರು ಬಿಗಿಹಿಡಿದರು. ಹೊಗೆ ಅಲುಗಾಡಿತು. ಜಡೆ ಬಿಚ್ಚಿದ ಹಾಗೆ ಬೂದು ಎಳೆಗಳು ಹಳದಿಯಿಂದ ಬಿಡಿಸಿಕೊಂಡು ಒಂದೊಂದಾಗಿ ಮೇಲೆದ್ದು ಹೋದವು. ಉಳಿದ ಹಳದಿ ಹೊಗೆ ಇದ್ದ ಮಟ್ಟದಲ್ಲೇ ಇತ್ತು, ಆದರೆ ತೆಳುವಾಗಿತ್ತು. ಅದರೊಳಗಿಂದ ಸೂರ್ಯ ಮಸುಕಾಗಿ ಕಂಡ. ಜನ ಹೋ ಎಂದರು.

"ಸಾಕು ವಾರಿಜಕ್ಕಾ! ಇಷ್ಟಾದ್ರೂ ಆಯ್ತಲ್ಲ!" ಎಂದು ಮೀನಿನ ಮಾರ್ಕೆಟ್ಟಿನ ಒಬ್ಬಳು ಕೂಗಿದಳು. "ಹೌದು, ನಿಲ್ಸಿ! ಇದರಲ್ಲಿ ಹೇಗಾದ್ರೂ ಬದುಕ್ತೇವೆ! ಇನ್ನೊಂದು ತಪ್ಪಿದ್ರೆ ನೆಲಕ್ಕೇ ಬರ್ತದೆ!" ಎಂದರು ಇನ್ನು ಕೆಲವರು. ಯಾರೋ ನನ್ನ ಸೀರೆಯ ಅಂಚು ಹಿಡಿದು ಎಳೆದರು. ಅವರು ಹೇಳುವುದರಲ್ಲಿ ತಪ್ಪಿರಲಿಲ್ಲ. ತೆಳುವಾದ ಹೊಗೆಯಲ್ಲಿ ಹೇಗಾದರೂ ಬದುಕಬಹುದಿತ್ತು. ಆದರೆ ಎಷ್ಟು ದಿನ? ಸಲೀಮಾದ ಜನರೇಟರು ಆ ಗಳಿಗೆಯಲ್ಲೂ ಓಡುತ್ತಿತ್ತು. ಅದು ಓಡುವಷ್ಟು ದಿನವೂ ನನ್ನ ಊರಿನ ನೆತ್ತಿಯ ಮೇಲೆ ಇದು ಬೆಳೆಯುತ್ತಲೇ ಇರುತ್ತದೆ. ಸಲೀಮಾದ ಜನರೂ ಅದರೊಳಗೇ ಇರುತ್ತಾರೆ.

ಕೆಳಗಿನಿಂದ ವಾಮನನ ದನಿ ಬಂತು. ಬಿಟ್ಟು ಬಿಟ್ಟು, ಉಸಿರೆಳೆದುಕೊಂಡು. "ನೋಡಿ ಬಂದಿದ್ದೀ ಅಲ್ವಾ? ಮತ್ತೆ ಎಂತ? ಹೇಳು."

"ಸಲೀಮಾ. ನಲವತ್ತೊಂದು ಮಣ," ಎಂದೆ.

ಒಂದು ಕ್ಷಣ ಏನೂ ಆಗಲಿಲ್ಲ. ಆ ಕ್ಷಣ ನಾನು ಕಣ್ಣು ಮುಚ್ಚಿದ್ದೆ. ಆಮೇಲೆ ಹಣೆಯ ಮೇಲೆ ಬಿಸಿಲು ಬಿದ್ದದ್ದು ತಿಳಿಯಿತು. ಕಣ್ಣು ಬಿಟ್ಟಾಗ ಹೊಗೆ ತೆಂಗಿನ ಮರಗಳನ್ನು ದಾಟಿ ಮೇಲೆ ಹೋಗುತ್ತಿತ್ತು. ಜನ ಎದ್ದು ನಿಂತಿರಲಿಲ್ಲ. ಅಭ್ಯಾಸವಾಗಿಬಿಟ್ಟಿತ್ತು. ಮೊದಲು ಮಕ್ಕಳು ಎದ್ದರು, ಆಮೇಲೆ ಒಬ್ಬೊಬ್ಬರೇ ಒಬ್ಬರನ್ನೊಬ್ಬರು ಹಿಡಿದುಕೊಂಡು. ವಾಮನ ನನ್ನ ಭುಜದ ಮೇಲೆ ಭಾರ ಹಾಕಿ ಎದ್ದು, ಬಾಯಿ ತೆರೆದು ಗಾಳಿ ಕುಡಿದ. ಅವನ ಎದೆ ಏರಿ ಇಳಿಯುವುದನ್ನು ನನ್ನ ಬೆನ್ನಿನಲ್ಲಿ ಅನುಭವಿಸುತ್ತ ನಿಂತಿದ್ದೆ.

ಸಂಭ್ರಮ ಜೋರಾಗುವ ಮೊದಲೇ ನಾನು ಮಾತಾಡಬೇಕಿತ್ತು. ಧಕ್ಕೆಯ ಗೂಟದ ಮೇಲೆ ಹತ್ತಿ ಮುತ್ತುವಿನ ವಿಷಯ ಹೇಳಿದೆ. ಆ ಹೊಗೆ ಯಾಕೆ ನಿಲ್ಲಲಿಲ್ಲ ಎಂದು ಹೇಳಿದೆ. ನಾಳೆಯಿಂದ ಮತ್ತೆ ಬರುತ್ತದೆ, ನಾನು ದಿನಾ ಹೇಳಬಲ್ಲೆ, ಆದರೆ ಹೇಳುತ್ತ ಕೂರುವುದು ನನಗೆ ಬೇಡ ಎಂದೆ. ಸತ್ತವನನ್ನು ದಡಕ್ಕಿಳಿಸಲು ಕಾಗದಪತ್ರ ಬೇಕು, ಬಂದರು ಒಪ್ಪಬೇಕು ಎಂದು ಯಾರೋ ಗೊಣಗಿದರು. ಎಲ್ಲರೂ ಪಡಿಯಾರರ ಕಡೆ ತಿರುಗಿದರು.

"ಕಾಗದ ನಾನು ಬರಿತೇನೆ. ಬಂದರಿನವರಿಗೆ ಉತ್ತರವೂ ನಾನೇ ಕೊಡ್ತೇನೆ," ಎಂದರು ಪಡಿಯಾರರು. "ಆದ್ರೆ ಇಳಿಸಿದ ಮೇಲೆ ಅವನ ತಾಯಿ ಬರುವ ತನಕ ಎಲ್ಲಿ ಇಡುದು?"

"ನನ್ನ ಕಾರ್ಖಾನೆ ಉಂಟಲ್ಲ," ಎಂದ ಹಸನಬ್ಬ. "ಒಂದು ಕೋಣೆ ಖಾಲಿ ಮಾಡಿಸ್ತೇನೆ. ಮೀನು ಈ ವಾರ ಕಾಯ್ಲಿ."

ಮಧ್ಯಾಹ್ನಕ್ಕೆ ಐದಾರು ದೋಣಿಗಳು ಹೊರಟವು. ಹಸನಬ್ಬನ ದೋಣಿಯ ತುಂಬ ಮರದ ಹೊಟ್ಟು ಹೊದಿಸಿದ ಮಂಜಿನ ಗಡ್ಡೆಗಳು. ಉಳಿದವುಗಳಲ್ಲಿ, ಬಂದರು ಒಪ್ಪುವ ತನಕ ಹಡಗಿನಲ್ಲೇ ಇರಬೇಕಾದವರಿಗೆಂದು ಅಕ್ಕಿ, ನೀರು, ಗ್ಯಾಸಿನ ಒಲೆ. ಸಾಕು ಎಂದು ಕೂಗಿದ್ದ ಆ ಮೀನಿನವಳು ಅನ್ನದ ಕಡಾಯಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಪಡಿಯಾರರು ಅದುವರೆಗೆ ದೋಣಿ ಹತ್ತಿದವರಲ್ಲ. ದಾರಿಯುದ್ದಕ್ಕೂ ವಾಂತಿ ಮಾಡಿದರು, ಆದರೂ ಹಿಂತಿರುಗೋಣ ಎನ್ನಲಿಲ್ಲ.

ಸಲೀಮಾದವರು ನಮ್ಮನ್ನು ನೋಡಿ ಮೊದಲು ಹೆದರಿದರು. ಎಳೆದು ಆಚೆ ಬಿಡಲು ಬಂದವರೆಂದೇ ತಿಳಿದುಕೊಂಡಿದ್ದರು. ನಾನು ಏಣಿ ಹತ್ತಿ ಹೋಗಿ ಹೇಳಿದ ಮೇಲೆ ಆರೋಗ್ಯರಾಜ್ ಕಟಕಟೆ ಹಿಡಿದುಕೊಂಡು ಕೆಳಗಿನ ದೋಣಿಗಳನ್ನು ಎಷ್ಟೋ ಹೊತ್ತು ನೋಡಿದರು. ಮುತ್ತುವನ್ನು ಹಲಗೆಯ ಸಮೇತ ಕಟ್ಟಿ, ಕೈಯಿಂದ ಕೈಗೆ ದಾಟಿಸಿ, ಮಂಜಿನ ನಡುವೆ ಇಳಿಸಿದರು. ಪಡಿಯಾರರು ಆ ಕಡೆಯ ಹಗ್ಗ ಹಿಡಿದಿದ್ದರು. ಎಲ್ಲ ಮುಗಿದ ಮೇಲೆ ಆರೋಗ್ಯರಾಜ್ ಒಬ್ಬರೇ ಯಂತ್ರದ ಕೋಣೆಗೆ ಹೋದರು. ನಾವು ಮೇಲೆ ಕಾಯುತ್ತಿದ್ದೆವು. ಕಾಲಡಿಯ ನಡುಕ ಮೊದಲು ನಿಧಾನವಾಯಿತು, ಆಮೇಲೆ ನಿಂತಿತು.

ಎಷ್ಟು ಸದ್ದಿತ್ತೆಂದು ಅದು ನಿಂತ ಮೇಲೆ ಗೊತ್ತಾಯಿತು. ಹಡಗಿನ ಪಕ್ಕೆಗೆ ಅಲೆ ಬಡಿಯುವುದು ಕೇಳಿಸಿತು. ಒಳಗಡೆ ಎಲ್ಲೋ ಅಡುಗೆಯವನು ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಅಷ್ಟು ದಿನವೂ ಹಾಗೆ ಅಳುತ್ತಿದ್ದನೋ ಏನೋ, ಉಳಿದವರು ಮೊದಲ ಸಲ ಕೇಳಿಸಿಕೊಂಡವರಂತೆ ಒಳಗೆ ಓಡಿದರು.

ಆರೋಗ್ಯರಾಜ್ ಕೈ ಒರೆಸಿಕೊಳ್ಳುತ್ತ ಮೇಲೆ ಬಂದರು.

"ನಮ್ಮ ಹೊಗೆ ಎಷ್ಟಿತ್ತು ಅಮ್ಮಾ?"

"ನಲವತ್ತೊಂದು ಮಣ."

ಅವರು ದೋಣಿಯ ಕಡೆ ನೋಡಿದರು. "ಅಷ್ಟೊಂದಾ? ಅವನು ತುಂಬ ಹಗುರ ಇದ್ದ," ಎಂದರು. ಆಮೇಲೆ ಮುತ್ತುವಿನ ಜೊತೆ ದಡಕ್ಕೆ ಬರಲು ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟರು. ನಾನು ಮೇಲಿನಿಂದ ಹಗ್ಗ ಬಿಗಿಯಾಗಿ ಹಿಡಿದುಕೊಂಡೆ.